ಹಿಂದಿನ ಸಾಲಿನ ಬ್ಯಾರಿಟೋನ್

ಚಿತ್ತಪ್ಪನೂ ನಾನೂ ಒಂದೇ ಜೀವ ಅಂತ ಚಳ್ಳಕೆರೆಯಲ್ಲೂ ಹೇಳುತ್ತಾರೆ, ಮೊಳಕಾಲ್ಮೂರಿನಲ್ಲೂ ಹೇಳುತ್ತಾರೆ. ಹೇಳಲಿ, ಅವರ ಗಂಟೇನು ಹೋಗಬೇಕು. ಅವರ ನಡುಮನೆಯಲ್ಲಿ ಎದೆಮಟ್ಟದ ಬ್ಯಾರಿಟೋನ್ ಸ್ಯಾಕ್ಸೋಫೋನ್ ಬಂದು ಕೂತಿಲ್ಲವಲ್ಲ. ನಮ್ಮ ಮನೆಯಲ್ಲಿ ಕೂತಿದೆ, ಟಿ.ವಿ. ಪಕ್ಕದ ಮೂಲೆಯಲ್ಲಿ, ಹಳೇ ಹೊದಿಕೆಯೊಂದನ್ನು ಹೊದ್ದುಕೊಂಡು. ಮನೆಗೆ ಬಂದವರೆಲ್ಲ ಅದೇನು ಅಂತ ಕೇಳುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಆಶಾ ಕಾಫಿ ತರುವ ನೆವದಲ್ಲಿ ಒಳಗೆ ಹೋಗಿಬಿಡುತ್ತಾಳೆ. ಯಾಕೆ ಹೋಗುತ್ತಾಳೆ ಅಂತ ಈಗ ನನಗೆ ಗೊತ್ತು.

ಮದುವೆ ಮನೆಗಳಲ್ಲಿ ವಾಲಗದವರು ಊದುವ ಸ್ಯಾಕ್ಸೋಫೋನನ್ನು ನೀವೆಲ್ಲ ನೋಡಿರುತ್ತೀರಿ. ಅದು ಆಲ್ಟೋ. ಬ್ಯಾರಿಟೋನ್ ಅಂದರೆ ಅದರ ಅಜ್ಜ. ಅವೇ ಕೀಗಳು, ಬೆರಳಿಡುವ ಕ್ರಮವೂ ಅದೇ. ಆದರೆ ಕೊಳವೆ ಎರಡರಷ್ಟು ಉದ್ದ, ಸ್ವರ ಒಂದು ಸ್ಥಾಯಿ ಕೆಳಗೆ. ಕತ್ತಿಗೆ ತೂಗುಹಾಕಿಕೊಂಡು ಅರ್ಧ ಗಂಟೆ ನಿಂತರೆ ಬೆನ್ನು ಮಾತಾಡಲು ಶುರು ಮಾಡುತ್ತದೆ. ನಮ್ಮ ಸೀಮೆಯಲ್ಲಿ ಅದನ್ನು ಊದುವವರು ಬೇರೆ ಯಾರೂ ಇಲ್ಲ. ನಾನೊಬ್ಬನೇ, ಅದೂ ಹವ್ಯಾಸಕ್ಕೆ.

ನನ್ನ ಹೆಸರು ನಾಗಭೂಷಣ. ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಫಿಟ್ಟರ್. ಮೀಸೆ ಮೂಡುವ ಹೊತ್ತಿಗೆ ಮಿಲ್ಲು ಸೇರಿದವನು, ಇವತ್ತಿಗೂ ಅಲ್ಲೇ ಇದ್ದೇನೆ. ಮಿಲ್ಲಿನಲ್ಲಿ ಕಾಯಿ ಒಡೆಯುವ ಯಂತ್ರ ಓಡುವಾಗ ಪಕ್ಕದವನ ಹತ್ತಿರವೂ ಕೂಗಿಯೇ ಮಾತಾಡಬೇಕು, ಹಾಗಾಗಿ ಮನೆಯಲ್ಲೂ ಕೂಗುತ್ತೇನೆ. ಅದಕ್ಕೆ ಎಲ್ಲರೂ ನನ್ನನ್ನು ಸಿಟ್ಟಿನ ಮನುಷ್ಯ ಅನ್ನುತ್ತಾರೆ. ಸಿಟ್ಟೂ ಇದೆ, ಇಲ್ಲ ಅನ್ನುವುದಿಲ್ಲ. ಚಿತ್ತಪ್ಪ ಮೊಳಕಾಲ್ಮೂರಿನಲ್ಲಿ ಮನೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುವವನು. ಮೆತ್ತಗೆ ಮಾತಾಡುತ್ತಾನೆ. ಮೆತ್ತಗೆ ಮಾತಾಡುವವರನ್ನು ಜನ ಒಳ್ಳೆಯವರು ಅಂದುಕೊಳ್ಳುತ್ತಾರೆ.

ಹದಿನೈದು ವರ್ಷದ ಹಿಂದೆ ಒಂದು ಮದುವೆಯಲ್ಲಿ ಇಬ್ಬರೂ ಊಟ ಬಿಟ್ಟು ವಾಲಗದ ಮುಂದೆ ಕೂತಿದ್ದೆವು. ಅಲ್ಲೇ ಪರಿಚಯ. ಎರಡೂ ಊರಿನ ನಡುವೆ ಬಿ.ಜಿ. ಕೆರೆ. ಅಲ್ಲಿ ವಾಲಗದ ಕ್ಯಾತಣ್ಣ ಅಂತ ಒಬ್ಬ ಹಿರಿಯರಿದ್ದರು. ನಾದಸ್ವರ ಬಿಟ್ಟು ಸ್ಯಾಕ್ಸೋಫೋನ್ ಹಿಡಿದವರು. ಅವರ ಕಾಲಿಗೆ ಬಿದ್ದು ಕಲಿಯಲು ಶುರು ಮಾಡಿದೆವು. ಪ್ರತಿ ಶನಿವಾರ ಸಂಜೆ ನಾನು ಈ ಕಡೆಯಿಂದ, ಅವನು ಆ ಕಡೆಯಿಂದ ಬೈಕಿನಲ್ಲಿ ಬಿ.ಜಿ. ಕೆರೆಗೆ. ಕ್ಯಾತಣ್ಣ ತೀರಿಕೊಂಡ ಮೇಲೂ ನಾವು ಶನಿವಾರ ಬಿಡಲಿಲ್ಲ. ಆಂಜನೇಯನ ಗುಡಿಯ ಜಗಲಿಯ ಮೇಲೆ ಇಬ್ಬರೂ ಜೋಡಿಯಾಗಿ ಕೂತು ಊದುತ್ತಿದ್ದೆವು. ಕಾಸು ಮುಟ್ಟುತ್ತಿರಲಿಲ್ಲ, ಎಲೆಯಡಿಕೆ ತೆಂಗಿನಕಾಯಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದೆವು. ಜನ ತಲೆದೂಗುತ್ತಿದ್ದರು. ಚಿತ್ತಪ್ಪ ನನ್ನ ತೊಡೆ ತಟ್ಟಿ ಭಲೇ ಅನ್ನುತ್ತಿದ್ದ. ವಾರವೆಲ್ಲ ಎಣ್ಣೆ ಜಿಡ್ಡಿನಲ್ಲಿ ಮುಳುಗಿದ್ದವನಿಗೆ ಆ ಒಂದು ಭಲೇ ಮುಂದಿನ ಶನಿವಾರದವರೆಗೂ ಸಾಕಾಗುತ್ತಿತ್ತು.

ಚಿತ್ತಪ್ಪನ ಮಗಳು ಸೌಂದರ್ಯ ಆಗ ಚಿಕ್ಕವಳು. ನಾನು ಅವರ ಮನೆಗೆ ಹೋದಾಗಲೆಲ್ಲ ನನ್ನ ಆಲ್ಟೋದ ಕೀಗಳನ್ನು ಒತ್ತಿ ಟಪ ಟಪ ಅನ್ನಿಸುತ್ತ ಕೂರುತ್ತಿದ್ದಳು. ಒಂದು ದಿನ ಅವಳೇ ಕೇಳಿದಳು, ನನ್ನ ಮದುವೆಗೆ ನೀನೇ ಊದಬೇಕು ಮಾಮ, ಬೇರೆ ಯಾರನ್ನೂ ಕರಿಯೋ ಹಂಗಿಲ್ಲ ಅಂತ. ನಾನು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ನಮಗೆ ಮಕ್ಕಳಿಲ್ಲ. ಆ ಮಾತನ್ನು ಅವಳು ಆಟಕ್ಕೆ ಕೇಳಿದ್ದಿರಬಹುದು, ನಾನು ಆಟಕ್ಕೆ ಕೊಟ್ಟಿರಲಿಲ್ಲ. ಅವಳು ಹಸೆಮಣೆಯ ಮೇಲೆ ಕೂತಾಗ ಮುಂದಿನ ಸಾಲಿನಲ್ಲಿ ಕೂತು ಊದಬೇಕು, ಅಷ್ಟೇ ನನ್ನ ಆಸೆ. ಅದಕ್ಕಾಗಿ ಎಷ್ಟು ಕೀರ್ತನೆ ಕಲಿತೆ, ಎಷ್ಟು ಸಂಜೆ ತುಟಿ ಊದಿಸಿಕೊಂಡೆ ಅಂತ ಆಶಾಳಿಗೆ ಗೊತ್ತು.

ಹೋದ ದೀಪಾವಳಿ ಕಳೆದ ಮೇಲೆ ಸೌಂದರ್ಯಳಿಗೆ ಗಂಡು ಗೊತ್ತಾಯಿತು. ಯುಗಾದಿ ಆದ ಮೇಲೆ ಮದುವೆ ಅಂತ ನಿಶ್ಚಯವಾಯಿತು. ಅದೇ ಶನಿವಾರ ಚಿತ್ತಪ್ಪ ಬ್ಯಾರಿಟೋನ್ ಮಾತು ತೆಗೆದ. ಮೊಬೈಲಿನಲ್ಲಿ ಯಾರೋ ವಿದೇಶದವನು ಊದುವುದನ್ನು ತೋರಿಸಿದ. ಆನೆ ಘೀಳಿಟ್ಟ ಹಾಗಿತ್ತು. ನಿನ್ನ ಉಸಿರಿಗೆ ಆಲ್ಟೋ ಸಣ್ಣದಾತು ಅಂದ. ನನ್ನಂಥ ಬಡಕಲು ಎದೆಯವನಿಗೆ ಆಗದ್ದು, ನಿನ್ನ ಎದೆಗೆ ಆಗುತ್ತೆ ಅಂದ. ನಾನು ಉಬ್ಬಿದೆ. ಯಾರಾದರೂ ಉಬ್ಬುತ್ತಾರೆ. ಮುಂದಿನ ಶನಿವಾರವೂ ಅದೇ ಮಾತು, ಅದರ ಮುಂದಿನ ಶನಿವಾರವೂ ಅದೇ. ರಾಯದುರ್ಗದಲ್ಲಿ ಎರ್ರಿಸ್ವಾಮಿ ಅಂತ ಹಳೇ ಬ್ಯಾಂಡ್ ಮಾಸ್ತರ ಹತ್ತಿರ ಒಂದು ಇದೆಯಂತೆ, ಸುಮ್ಮನೆ ನೋಡಿ ಬರೋಣ ಅಂದ. ಸುಮ್ಮನೆ ನೋಡಲು ಹೋಗಿ ಬರಿಗೈಲಿ ಬಂದವರನ್ನು ನಾನಂತೂ ನೋಡಿಲ್ಲ.

ಮನೆಯಲ್ಲಿ ಹೇಳಿದೆ. ಆಶಾ ಒಂದು ಸ್ಟೀಲ್ ಡಬ್ಬಿ ತರಬೇಕಾದರೂ ನಾಲ್ಕು ಅಂಗಡಿ ತಿರುಗಿಸುವವಳು. ಅವಳು ನನ್ನ ಮಾತು ಮುಗಿಯುವ ಮೊದಲೇ, ತಗಳ್ರಿ, ನಿಮಗೂ ಒಂದು ಆಸೆ ಅಂತ ಬ್ಯಾಡ್ವಾ ಅಂದಳು. ನನ್ನ ಕಣ್ಣು ತುಂಬಿ ಬಂತು. ಇಂಥ ಹೆಂಡತಿ ಯಾರಿಗುಂಟು ಅಂದುಕೊಂಡೆ. ಆಗಲೇ ಅನುಮಾನ ಪಡಬೇಕಿತ್ತು.

ರಾಯದುರ್ಗ ಆಂಧ್ರಕ್ಕೆ ಸೇರಿದ್ದಾದರೂ ಮೊಳಕಾಲ್ಮೂರಿನವರಿಗೆ ಪಕ್ಕದ ಬೀದಿ ಇದ್ದ ಹಾಗೆ. ನನ್ನ ಬೈಕಿನಲ್ಲೇ ಇಬ್ಬರೂ ಹೋದೆವು. ಎರ್ರಿಸ್ವಾಮಿ ಬನಿಯನ್-ಪಂಚೆಯಲ್ಲಿ ಜಗಲಿಯ ಮೇಲೆ ಕಾದು ಕೂತಿದ್ದ. ಒಳಗಿಂದ ಇಬ್ಬರು ಹಿಡಿದುಕೊಂಡು ಪೆಟ್ಟಿಗೆ ತಂದಿಟ್ಟರು. ಯಾವುದೋ ಶಾಲೆಯ ಬ್ಯಾಂಡಿಗೆ ತರಿಸಿದ್ದಂತೆ. ಮಕ್ಕಳ ಕೈಯಲ್ಲಿ ಎತ್ತಲಾಗದೆ ಮೂಲೆ ಸೇರಿ, ಕೊನೆಗೆ ಅವನ ಪಾಲಿಗೆ ಬಂದಿತ್ತು. ಮಂಚಿ ಮಾಲು, ಒಳ್ಳೇ ಮಾಲು ಕಣಪ್ಪಾ, ಊದೋ ಗಂಡಸಿಲ್ದೆ ಕುಂತೈತೆ ಅಂದ.

ನಾನು ಫಿಟ್ಟರ್. ನನ್ನ ಹತ್ತಿರ ಮಾತಿನ ಬಣ್ಣ ನಡೆಯುವುದಿಲ್ಲ. ಮೊಣಕಾಲೂರಿ ಕೂತು ಒಂದೊಂದು ಸ್ಕ್ರೂ ಮುಟ್ಟಿ ನೋಡಿದೆ, ಸ್ಪ್ರಿಂಗುಗಳ ಬಿಗಿ ನೋಡಿದೆ, ಉದ್ದನೆಯ ಕಡ್ಡಿಗಳು ಸೊಟ್ಟಗಾಗಿವೆಯೇ ಅಂತ ಕಣ್ಣು ಕಿರಿದು ಮಾಡಿ ನೋಡಿದೆ. ಕೋಣೆಯ ಬಾಗಿಲು ಹಾಕಿಸಿ, ಕೊಳವೆಯೊಳಗೆ ಟಾರ್ಚು ಬಿಟ್ಟು, ಕೀಗಳನ್ನೆಲ್ಲ ಮುಚ್ಚಿ ಎಲ್ಲಿಂದ ಬೆಳಕು ಸೋರುತ್ತದೆ ಅಂತ ಹುಡುಕಿದೆ. ಕೆಳಗಿನ ಎರಡು ಕೀಗಳ ಚರ್ಮದ ಪ್ಯಾಡು ಹುಳು ತಿಂದಿದ್ದವು. ಬೆಲ್ಲು ಅನ್ನುವ ಅಗಲ ಬಾಯಿಯ ಅಂಚಿನಲ್ಲಿ ಒಂದು ತಗ್ಗು. ಮಿಕ್ಕಿದ್ದೆಲ್ಲ ಗಟ್ಟಿ. ಹಿತ್ತಾಳೆಯ ಒಂದೊಂದು ಕೀಲನ್ನೂ ಅಷ್ಟು ಪರೀಕ್ಷೆ ಮಾಡಿದ ನಾನು, ನನ್ನನ್ನು ಅಲ್ಲಿಗೆ ಕರೆದುಕೊಂಡು ಬಂದವನ ಮುಖ ಮಾತ್ರ ಒಂದು ಸಲವೂ ಸರಿಯಾಗಿ ನೋಡಲಿಲ್ಲ.

ಆಮೇಲೆ ಬಾಯಿಗಿಡುವ ಬೆತ್ತದ ರೀಡು ನೆನೆಸಿ ಊದಿದೆ. ಮೊದಲು ಬುಸ್ ಅಂತ ಗಾಳಿ ಬಂತು. ಎರಡನೇ ಸಲಕ್ಕೆ ಸ್ವರ ಬಂತು. ಏನು ಹೇಳಲಿ. ಅದು ಕಿವಿಗೆ ಬರಲಿಲ್ಲ, ನೇರ ಪಕ್ಕೆಲುಬಿಗೆ ಬಂತು. ಹಲ್ಲು ಜುಮ್ಮೆಂದಿತು, ಕೂತ ಚಾಪೆಯ ಕೆಳಗೆ ನೆಲ ನಡುಗಿತು. ಇಷ್ಟು ವರ್ಷ ಊದಿದ್ದೆನಲ್ಲ, ನನ್ನ ಸ್ವರ ಪೂರ್ತಿಯಾಗಿ ನನಗೇ ಮುಟ್ಟಿದ್ದು ಅವತ್ತೇ ಮೊದಲು ಅನ್ನಿಸಿತು. ಚಿತ್ತಪ್ಪ ಕಣ್ಣು ಮುಚ್ಚಿ ಕೂತಿದ್ದ. ಇದು ನಿನ್ನ ಸ್ವರ ಕಣಲೇ ಅಂದ. ಸುಳ್ಳಲ್ಲ, ಅವತ್ತು ನನಗೂ ಹಾಗೇ ಅನ್ನಿಸಿತ್ತು.

ಎರ್ರಿಸ್ವಾಮಿ ಹೇಳಿದ ಬೆಲೆಗೆ ನಾನು ಅರ್ಧಕ್ಕಿಂತ ಕಡಿಮೆ ಕೇಳಿದೆ. ಅವನು ಚಿತ್ತಪ್ಪನ ಕಡೆ ಒಂದು ಸಲ ನೋಡಿ, ಆಯ್ತು ತಗಳಪ್ಪಾ ಅಂದುಬಿಟ್ಟ. ನನ್ನ ಚೌಕಾಸಿಯ ಮಹಿಮೆ ಅಂತ ಬೀಗಿದೆ. ಅಷ್ಟಕ್ಕೂ ಕೈಯಲ್ಲಿದ್ದ ಹಣ ಸಾಲದೆ ನನ್ನ ಆಲ್ಟೋ ಮಾರಬೇಕಾಯಿತು. ಅದಕ್ಕೂ ಚಿತ್ತಪ್ಪನ ಹತ್ತಿರ ಗಿರಾಕಿ ಸಿದ್ಧವಿದ್ದ. ಅವನ ಅಕ್ಕನ ಮಗ ಮಾರುತೇಶ, ಬಳ್ಳಾರಿಯಲ್ಲಿ ಕೆಲಸದಲ್ಲಿದ್ದುಕೊಂಡು ಸ್ಯಾಕ್ಸೋಫೋನ್ ಕಲಿಯುತ್ತಿದ್ದವನು. ಹೊರಗಿನವರ ಪಾಲಾಗದೆ ನಮ್ಮಲ್ಲೇ ಇರುತ್ತದಲ್ಲ ಅಂತ ನಾನೇ ಸಮಾಧಾನ ಮಾಡಿಕೊಂಡೆ.

ಪೆಟ್ಟಿಗೆ ಬೈಕಿಗೆ ಒಗ್ಗಲಿಲ್ಲ. ಚಿತ್ತಪ್ಪ ನನ್ನ ಬೈಕು ತೆಗೆದುಕೊಂಡು ಹೋದ, ನಾನು ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದೆ. ಕಂಡಕ್ಟರು ಇದೇನು ಬೋರ್‌ವೆಲ್ ಮೋಟಾರಾ ಅಂತ ಕೇಳಿ ಲಗೇಜು ಚೀಟಿ ಹರಿದ. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಮುಟ್ಟಿ ನೋಡಿ ನಮಸ್ಕಾರ ಮಾಡಿದಳು, ದೇವರ ವಿಗ್ರಹ ಅಂದುಕೊಂಡಿರಬೇಕು. ನಾನೂ ಬೇಡ ಅನ್ನಲಿಲ್ಲ. ಚಳ್ಳಕೆರೆ ಬರುವವರೆಗೂ ಪೆಟ್ಟಿಗೆಯನ್ನು ತಬ್ಬಿಕೊಂಡೇ ಕೂತಿದ್ದೆ, ಹೊಸ ಮದುಮಗನ ಹಾಗೆ.

ಪ್ಯಾಡುಗಳನ್ನು ನಾನೇ ಚರ್ಮ ಕತ್ತರಿಸಿ ಹಾಕಿದೆ. ಬೆಳಗ್ಗೆ ಮಿಲ್ಲಿಗೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಊದುತ್ತಿದ್ದೆ. ಕೆಳಗಿನ ಸ್ವರ ಹಿಡಿದರೆ ಅಡುಗೆಮನೆಯ ತಟ್ಟೆಗಳು ಜಣ ಜಣ ಅನ್ನುತ್ತಿದ್ದವು. ಎದುರು ಮನೆಯ ಜಗದಾಂಬಮ್ಮ ಬಾಗಿಲಲ್ಲಿ ನಿಂತು, ಇದು ಪರವಾಗಿಲ್ಲ ಕಣ್ರಿ, ಮೊದ್ಲಿಂದಕ್ಕಿಂತ ಹಿತವಾಗೈತೆ ಅಂದಳು. ನಾನು ಅದನ್ನೂ ಹೊಗಳಿಕೆ ಅಂತಲೇ ತೆಗೆದುಕೊಂಡೆ.

ಶನಿವಾರಗಳಲ್ಲಿ ಚಿತ್ತಪ್ಪ ನನಗೆ ಷಡ್ಜ ಒಂದನ್ನೇ ಹಿಡಿದುಕೋ ಅಂದ. ದೊಡ್ಡ ವಾದ್ಯ, ಮೊದಲು ಉಸಿರು ಪಳಗಬೇಕು, ಆಮೇಲೆ ಕೀರ್ತನೆ ಅಂದ. ಸರಿ ಅನ್ನಿಸಿತು. ಹಳೇ ವಾಲಗದಲ್ಲಿ ಒತ್ತು ಅಂತ ಒಂದು ಕೊಳವೆ ಇರುತ್ತಿತ್ತು. ನೋಡಲು ನಾದಸ್ವರವೇ, ಆದರೆ ಬೆರಳಾಡಿಸುವ ಕೆಲಸವಿಲ್ಲ. ಹಿಂದೆ ಕೂತವನು ಮೂಗಿನಿಂದ ಉಸಿರೆಳೆಯುತ್ತ, ಕೆನ್ನೆಯಿಂದ ಗಾಳಿ ತಳ್ಳುತ್ತ, ಷಡ್ಜವೊಂದನ್ನೇ ಎಡೆಬಿಡದೆ ಊದುತ್ತಿರಬೇಕು. ಕ್ಯಾತಣ್ಣನ ಒತ್ತಿನವನು ಊದುತ್ತಲೇ ತೂಕಡಿಸುತ್ತಿದ್ದನಂತೆ. ಆ ಉಸಿರಿನ ಉಪಾಯವನ್ನು ನಾನು ಕಲಿತೆ. ಲೋಟದ ನೀರಿಗೆ ಕೊಳವೆ ಹಾಕಿ ಗುಳ್ಳೆ ನಿಲ್ಲದ ಹಾಗೆ ಊದಿ ಊದಿ ಕಲಿತೆ. ಶಿವರಾತ್ರಿ ಹೊತ್ತಿಗೆ ಷಡ್ಜ ಹಿಡಿದರೆ ಹಿಡಿದಷ್ಟು ಹೊತ್ತು ನಿಲ್ಲುತ್ತಿತ್ತು. ಇನ್ನು ಕೀರ್ತನೆ ಶುರು ಮಾಡೋಣ ಅಂದೆ. ಮದುವೆ ಓಡಾಟ ಮುಗೀಲಿ ಅಂದ. ಮದುವೆಗೆ ಕೀರ್ತನೆ ಬೇಡವಾ ಅಂದೆ. ನೀನು ಬಾ ಸಾಕು, ಎಲ್ಲಾ ಆಗುತ್ತೆ ಅಂದ. ಅವನೂ ನಾನೂ ಜೋಡಿಯಲ್ಲಿ ಊದಿದ ಕೀರ್ತನೆಗಳನ್ನೇ ನಾನು ಮನೆಯಲ್ಲಿ ಬ್ಯಾರಿಟೋನಿನ ಮೇಲೆ ಕೂರಿಸಿಕೊಂಡೆ.

ಮದುವೆಯ ಹಿಂದಿನ ಸಂಜೆ ಆಶಾಳನ್ನೂ ಪೆಟ್ಟಿಗೆಯನ್ನೂ ಕರೆದುಕೊಂಡು ಮೊಳಕಾಲ್ಮೂರಿನ ಕಲ್ಯಾಣ ಮಂಟಪಕ್ಕೆ ಹೋದೆ. ವಾಲಗದವರ ಕಟ್ಟೆಯ ಮೇಲೆ ಜಮಖಾನ ಹಾಸಿತ್ತು. ಮುಂದಿನ ಸಾಲಿನಲ್ಲಿ ಎರಡು ದಿಂಬು. ಒಂದರ ಮೇಲೆ ಹೊರಗಿನಿಂದ ಕರೆಸಿದ ವಿದ್ವಾಂಸರು ಕೂತಿದ್ದರು. ಇನ್ನೊಂದರ ಮೇಲೆ ಮಾರುತೇಶ. ಅವನ ಕೈಯಲ್ಲಿ ನನ್ನ ಆಲ್ಟೋ. ಹೆಬ್ಬೆರಳು ನೋಯದಿರಲಿ ಅಂತ ಅದರ ಕೊಕ್ಕೆಗೆ ನಾನು ಸುತ್ತಿದ್ದ ಕೆಂಪು ರೇಷ್ಮೆ ದಾರ ಇನ್ನೂ ಹಾಗೇ ಇತ್ತು. ನನ್ನ ಜಾಗ ಎಲ್ಲಿ ಅಂತ ಕೇಳಿದೆ. ಮಾರುತೇಶ ತಲೆ ತಗ್ಗಿಸಿ, ಹಿಂದೆ ಕುರ್ಚಿ ಹಾಕ್ಸಿದಾರೆ ಅಣ್ಣ, ಮಾವ ಹೇಳಿದ್ದು ಅಂದ. ಡೋಲಿನವರ ಬೆನ್ನ ಹಿಂದೆ, ಗೋಡೆಗೆ ಒತ್ತಿ ಒಂದು ಪ್ಲಾಸ್ಟಿಕ್ ಕುರ್ಚಿ. ಒತ್ತಿನವನ ಜಾಗ.

ನನಗೆ ಎಲ್ಲಾ ಒಂದೇ ಏಟಿಗೆ ಅರ್ಥವಾಯಿತು. ಅರ್ಥವಾಯಿತು ಅಂದುಕೊಂಡೆ. ಚಿತ್ತಪ್ಪನಿಗೆ ಹೊಟ್ಟೆಕಿಚ್ಚು. ಮಗಳ ಮದುವೆಯಲ್ಲಿ ತಾನು ಹಸೆಯ ಹತ್ತಿರ ನಿಂತಿರಬೇಕು, ಜೋಡಿಯಲ್ಲಿ ನಾನೊಬ್ಬನೇ ಮೆರೆಯುತ್ತೇನೆ ಅಂತ ನನ್ನ ಆಲ್ಟೋ ಕಿತ್ತು ಅಕ್ಕನ ಮಗನ ಕೈಗೆ ಕೊಟ್ಟ. ನನ್ನ ಕುತ್ತಿಗೆಗೆ ಆನೆ ಕಟ್ಟಿ ಹಿಂದೆ ಕೂರಿಸಿದ. ರಾಯದುರ್ಗದ ಮಾಸ್ತರೂ ಇದರಲ್ಲಿ ಪಾಲುದಾರ. ಅಡುಗೆಯವರು ತರಕಾರಿ ಹೆಚ್ಚುವ ಹಿತ್ತಲಿನಲ್ಲಿ ಚಿತ್ತಪ್ಪನನ್ನು ಹಿಡಿದು ನಿಲ್ಲಿಸಿದೆ. ಬಾಯಿಗೆ ಬಂದ ಹಾಗೆ ಬೈದೆ. ಕುಂಬಳಕಾಯಿ ಹೆಚ್ಚುತ್ತಿದ್ದ ಹೆಂಗಸರು ಕತ್ತಿ ಕೆಳಗಿಟ್ಟು ನೋಡಿದರು. ಅವನು ನನ್ನ ತೋಳು ಹಿಡಿದು ನೀರಿನ ತೊಟ್ಟಿಯ ಪಕ್ಕಕ್ಕೆ ಕರೆದೊಯ್ದ. ಅವನ ಕೈಗೆ ಅರಿಶಿನ ಹತ್ತಿತ್ತು, ನನ್ನ ಅಂಗಿಗೂ ಅಂಟಿತು.

"ಹೊಟ್ಟೆಕಿಚ್ಚಲ್ಲ ಭೂಷಣ," ಅಂದ. "ನಿಂಗೆ ಮೇಲಿನ ಸ್ವರ ಕೇಳಲ್ಲ ಕಣಲೇ. ಮಿಲ್ಲಿನ ಸದ್ದು ನಿನ್ನ ಕಿವಿ ತಿಂದೈತೆ. ನೀನು ಮೇಲೆ ಹೋದಾಗೆಲ್ಲ ಶ್ರುತಿ ಬಿಟ್ಟು ಹೋಗ್ತೀಯ."

"ಯಾವಾಗಿಂದ?"

"ಮೊದ್ಲಿಂದ."

ಮೊದಲಿನಿಂದ ಅಂದರೆ ಹದಿನೈದು ವರ್ಷ. ನಾನು ನಕ್ಕೆ, ನಗು ಬರದಿದ್ದರೂ ನಕ್ಕೆ. ಕ್ಯಾತಣ್ಣನವರು ಒಂದು ದಿನವೂ ಹೇಳಲಿಲ್ಲವಲ್ಲ ಅಂದೆ.

"ಅವರೇ ಅಂದಿದ್ದು, ಹೇಳಬ್ಯಾಡ, ಮನಸಿಗೆ ಹಚ್ಕೊಂತಾನೆ ಅಂತ. ನೀನು ಊದುವಾಗ ನಾನು ಜೋರಾಗಿ ಊದಿ ಮುಚ್ಚಿಬಿಡ್ತಿದ್ದೆ. ನಾಳೆ ನಾನು ಪಕ್ಕದಾಗೆ ಇರಲ್ಲ. ಮಗಳ ಮದುವೆ, ಬೀಗರ ಕಡೆಯವರಾಗೆ ಸಂಗೀತ ತಿಳಿದೋರು ಇದಾರೆ. ಅವರ ಮುಂದೆ ನಿನ್ನ ನೋಡಿ ಯಾರಾದ್ರೂ ನಕ್ಕರೆ ನಾನು ತಡಕಳಲ್ಲ."

"ಜನ ತಲೆದೂಗ್ತಿದ್ರಲ್ಲ."

"ಗುಡಿಯಾಗೆ ಯಾರು ಬೈತಾರೆ?"

"ಒಂದು ಸಲ ಹೇಳಿದ್ರೆ ಆಗ್ತಿರಲಿಲ್ವಾ ಲೇ? ತಿದ್ಕೊಂತಿದ್ದೆ. ಇಲ್ಲ ಬಿಟ್ಟು ಹೋಗ್ತಿದ್ದೆ."

ಅವನು ತೊಟ್ಟಿಯ ನೀರಿನಲ್ಲಿ ಕೈ ತೊಳೆಯುತ್ತ ನಿಂತ. "ಬಿಟ್ಟು ಹೋಗ್ತಿದ್ದೆ, ಅದಕ್ಕೇ ಹೇಳಲಿಲ್ಲ," ಅಂದ. "ಶನಿವಾರ ನೀನು ಬರ್ದಿದ್ರೆ ನಾನೊಬ್ಬನೇ ಏನು ಮಾಡ್ಲಿ?"

ಈ ಮಾತಿಗೆ ನಾನು ಕರಗಬೇಕಿತ್ತು ಅಂತ ನೀವು ಅನ್ನಬಹುದು. ಕರಗಲಿಲ್ಲ. ಹೊಟ್ಟೆಕಿಚ್ಚಾಗಿದ್ದರೆ ವಾಸಿಯಿತ್ತು. ಹೊಟ್ಟೆಕಿಚ್ಚು ಪಡುವವನು ನಮ್ಮನ್ನು ಲೆಕ್ಕದಲ್ಲಿ ಇಟ್ಟಿರುತ್ತಾನೆ. ಇವನು ನನ್ನನ್ನು ಮಗ್ಗದ ಮನೆಯ ಮೂಲೆಯಲ್ಲಿ ಆಡುವ ಮಗುವಿನ ಹಾಗೆ ಆಡಲು ಬಿಟ್ಟಿದ್ದ. ಒಂದೊಂದು ಭಲೇಯನ್ನೂ ನೆನೆಸಿಕೊಂಡೆ. ಒಂದೊಂದಕ್ಕೂ ನಾಚಿಕೆಯಾಯಿತು.

ಆಶಾ ಮೇಲಿನ ಕೋಣೆಯಲ್ಲಿ ಸೀರೆಗಳನ್ನು ಮಡಿಸುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ನಾನು ಏನೂ ಕೇಳುವ ಮೊದಲೇ ಮಂಚದ ಮೇಲೆ ಕೂತು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕುಕ್ಕರು ಕೂಗಿದರೆ ನಿಮಗೆ ಕೇಳಲ್ಲ, ಫೋನು ಬಡಕೊಂಡರೂ ಕೇಳಲ್ಲ, ಕಿವಿ ತೋರಿಸಿಕೊಳ್ಳಿ ಅಂದರೆ ನನ್ನ ಮೇಲೇ ಕೂಗ್ತೀರಿ, ಯಾರು ಹೇಳಬೇಕು ನಿಮಗೆ ಅಂದಳು. ನೀವು ಊದುವಾಗ ನಿಮ್ಮ ಮುಖ ನೋಡ್ತಿದ್ದೆ, ಆ ಮುಖಕ್ಕೆ ಹೇಗೆ ಹೇಳಲಿ ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ ಇನ್ನೊಂದು ಹೇಳಿದಳು. ದಪ್ಪ ಸ್ವರವಾದರೆ ನಿಮಗೆ ಕೇಳಬಹುದು ಅಂತ ಚಿತ್ತಣ್ಣನಿಗೆ ಮೊದಲು ಹೇಳಿದ್ದೇ ಅವಳಂತೆ. ಎರ್ರಿಸ್ವಾಮಿ ಇಳಿಸಿದಷ್ಟು ಹಣವನ್ನು ಚಿತ್ತಪ್ಪ ಹಿಂದಿನಿಂದ ತುಂಬಿಕೊಟ್ಟನಂತೆ. ನನ್ನ ಚೌಕಾಸಿಯೂ ನನ್ನದಲ್ಲ.

ಪೆಟ್ಟಿಗೆ ಎತ್ತಿಕೊಂಡು ಹೊರಡಲು ಸಿದ್ಧನಾದೆ. ಮೆಟ್ಟಿಲ ಹತ್ತಿರ ಸೌಂದರ್ಯ ಎದುರಾದಳು, ಮುಖಕ್ಕೆಲ್ಲ ಅರಿಶಿನ, ಕೈತುಂಬ ಹಸಿರು ಬಳೆ. ನಾಳೆ ಊದ್ತೀಯಲ್ಲ ಮಾಮ ಅಂದಳು. ಊದ್ತೀನಿ ಕಣವ್ವ ಅಂದೆ. ಇನ್ನೇನು ಹೇಳಲಿ. ಅವಳಿಗೂ ಎಲ್ಲಾ ಗೊತ್ತಿತ್ತೋ ಏನೋ. ಅವಳ ಮುಖವನ್ನೂ ಅನುಮಾನದಿಂದ ನೋಡುವ ಹಾಗೆ ಮಾಡಿದರಲ್ಲ, ಅದಕ್ಕೆ ನನಗೆ ತಡೆಯಲಾಗದ ದುಃಖವಾಯಿತು.

ಬೆಳಗ್ಗೆ ಹಿಂದಿನ ಕುರ್ಚಿಯಲ್ಲಿ ಕೂತೆ. ವಿದ್ವಾಂಸರು ಶುರು ಮಾಡಿದರು, ಮಾರುತೇಶ ಜೊತೆಗೂಡಿದ, ನಾನು ಷಡ್ಜ ಹಿಡಿದೆ. ಮಾರುತೇಶ ಚೆನ್ನಾಗಿ ಊದುತ್ತಾನೆ ಅಂತ ಅಕ್ಕಪಕ್ಕದವರ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಕಿವಿಯನ್ನು ನಾನು ಇನ್ನು ನಂಬುವ ಹಾಗಿರಲಿಲ್ಲ. ಕೂತಲ್ಲಿಂದ ನೋಡಿದೆ. ಮುಂದಿನ ಇಬ್ಬರಿಗೂ ಒಂದೊಂದು ಮೈಕು, ಡೋಲಿನವರಿಗೆ ಒಂದು. ವಿದ್ವಾಂಸರ ಮಂಡಿಯ ಪಕ್ಕದಲ್ಲಿ ಅಂಗೈಯಗಲದ ಒಂದು ಕರೆಂಟಿನ ಶ್ರುತಿ ಪೆಟ್ಟಿಗೆ, ಅದರ ಮುಂದೆಯೂ ಒಂದು ಪುಟ್ಟ ಮೈಕು. ಷಡ್ಜವನ್ನು ಅದು ತಾನೇ ಹಾಡುತ್ತಿತ್ತು, ಉಸಿರು ಬೇಡ, ಬೆನ್ನು ನೋವಿಲ್ಲ. ನನ್ನ ಮುಂದೆ ಮೈಕು ಇರಲಿಲ್ಲ. ಜನಕ್ಕೆ ಕೇಳಬೇಕಾದ ಷಡ್ಜ ಆ ಪೆಟ್ಟಿಗೆಯದು, ನನ್ನದು ನಾನು ಸುಮ್ಮನೆ ಕೂತಿದ್ದೇನೆ ಅನ್ನಿಸದಿರಲು ಕೊಟ್ಟದ್ದು.

ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಅಂದರು. ಕೊರಳಿಗೆ ತಾಳಿ ಬೀಳುವ ಗಳಿಗೆಯಲ್ಲಿ ಯಾರದಾದರೂ ಸೀನು, ಅಳು, ಕೆಟ್ಟ ಮಾತು ಮದುಮಕ್ಕಳ ಕಿವಿಗೆ ಬೀಳಬಾರದು. ಅದಕ್ಕೇ ಗಟ್ಟಿಮೇಳ. ಆಗ ಎಲ್ಲರೂ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬಾರಿಸುತ್ತಾರೆ, ಊದುತ್ತಾರೆ. ಸೌಂದರ್ಯ ತಲೆ ಬಗ್ಗಿಸಿದಳು, ಅಕ್ಷತೆ ಹಾರಿತು, ಡೋಲು ಗುಡುಗಿತು. ನಾನು ಊದುವುದನ್ನು ನಿಲ್ಲಿಸಿದೆ.

ಬೇಕೆಂದೇ ನಿಲ್ಲಿಸಿದೆ. ಬಾಯಿಂದ ರೀಡು ತೆಗೆದು, ಕೈ ಕೆಳಗಿಟ್ಟು ಕೂತೆ. ಷಡ್ಜ ಬಿದ್ದುಹೋಗಲಿ, ಎಲ್ಲರೂ ತಿರುಗಿ ನೋಡಲಿ, ಚಿತ್ತಪ್ಪನಿಗೆ ನಾನಿಲ್ಲದ್ದು ತಿಳಿಯಲಿ ಅಂತ ಕಾದೆ. ಯಾರೂ ತಿರುಗಲಿಲ್ಲ. ನನ್ನ ಮುಂದೆಯೇ ಇದ್ದ ಡೋಲಿನವನೂ ತಿರುಗಲಿಲ್ಲ. ತಾಳಿ ಕಟ್ಟಿದ್ದಾಯಿತು, ಮೇಳ ನಿಂತಿತು, ಜನ ಊಟದ ಮನೆಯ ಕಡೆ ಎದ್ದರು. ನಾನು ಹದಿನೈದು ವರ್ಷ ಕಾದ ಗಳಿಗೆ ಹಾಗೆ ಮುಗಿಯಿತು.

ಪೆಟ್ಟಿಗೆಯ ಬಕಲು ಹಾಕುತ್ತಿದ್ದಾಗ ಚಿತ್ತಪ್ಪ ಜನರನ್ನು ಸೀಳಿಕೊಂಡು ಬಂದ. ಪೇಟ ಜಾರಿತ್ತು, ಕಣ್ಣು ಒದ್ದೆಯಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡ.

"ಲೇ ಭೂಷಣ, ತಾಳಿ ಕಟ್ಟೋ ಹೊತ್ತಿಗೆ ನಿನ್ನ ಷಡ್ಜ ಬಂದು ಎದೆಗೆ ಬಡೀತು ಕಣಲೇ. ಇಡೀ ಮಂಟಪ ತುಂಬಿತ್ತು."

ನಾನು ಅವನ ಮುಖ ನೋಡಿದೆ. ನಾನು ಊದಲೇ ಇಲ್ಲ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಮಂಟಪದ ತುಂಬ ಕೇಳುವ ಹಾಗೆ ಕೂಗಿ ಹೇಳಬಹುದಿತ್ತು, ಕೂಗುವುದು ನನಗೆ ಹೊಸದಲ್ಲ. ಅವನ ಹಿಂದೆ ಸೌಂದರ್ಯ ಹೊಸ ತಾಳಿ ಮುಟ್ಟಿಕೊಳ್ಳುತ್ತ ನಿಂತಿದ್ದಳು. ಇನ್ನೊಂದು ಗಳಿಗೆಗೆ ಅವಳನ್ನು ಕಳಿಸಿಕೊಡಬೇಕಾದ ಅಪ್ಪ ಇವನು. ತಾಳಿಯ ಹೊತ್ತಿಗೆ ಗೆಳೆಯ ಬೇಕೆಂದೇ ಕೈ ಬಿಟ್ಟ ಅಂತ ಕೇಳಿದರೆ ಜೀವನಪೂರ್ತಿ ಅದನ್ನೇ ನೆನೆಯುತ್ತಾನೆ.

"ಹೂಂ, ಚೆನ್ನಾಗಿ ಬಂತು," ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಅವನ ಮೊದಲ ಭಲೇಯೂ ಹೀಗೇ ಬಂದಿರಬೇಕು. ಅದು ಅರ್ಥವಾದ ಮೇಲೂ ನನ್ನ ಸಿಟ್ಟು ಇಳಿಯಲಿಲ್ಲ, ಇನ್ನೂ ಇಳಿದಿಲ್ಲ. ಶನಿವಾರ ಬಂದರೆ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಬಿ.ಜಿ. ಕೆರೆಗೆ ಹೋಗುತ್ತೇನೆ, ಮನೆಯಲ್ಲಿ ಕೂತು ಆಶಾಳ ಮುಖ ನೋಡುವುದಕ್ಕಿಂತ ಅದೇ ವಾಸಿ. ಈಗ ಕೀರ್ತನೆಗಳನ್ನೇ ಊದುತ್ತೇನೆ, ಬ್ಯಾರಿಟೋನಿನಲ್ಲಿ, ಎದೆ ನಡುಗುವ ಹಾಗೆ. ಶ್ರುತಿ ಸೇರಿದೆ ಅಂತ ನನ್ನ ಪಕ್ಕೆಲುಬು ಹೇಳುತ್ತದೆ. ಚಿತ್ತಪ್ಪ ತೊಡೆ ತಟ್ಟಿ ಭಲೇ ಅನ್ನುತ್ತಾನೆ. ಅದು ನಿಜವೇ ಅಂತ ತಿಳಿಯುವ ಕಿವಿ ನನಗಿಲ್ಲ, ಕೇಳೋಣ ಅಂದರೆ ನಂಬುವಂಥ ಇನ್ನೊಬ್ಬರೂ ಇಲ್ಲ.